ಖಾಲಿ ಪಾತ್ರೆ ವಾಪಸ್ ಕೊಟ್ಟ ಮೂರು ತಿಂಗಳು

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ವಾಚಕರ ಪತ್ರಗಳಲ್ಲಿ ಒಬ್ಬರು ಬರ್ದಿದ್ರು, ದೇವರ ಮೇಲೆ ಭಾರ ಹಾಕುವವರು ಸ್ವಂತ ಕಾಲ ಮೇಲೆ ನಿಲ್ಲುದನ್ನು ಕಲಿಯುದೇ ಇಲ್ಲ, ಅದ್ರಲ್ಲೂ ಕ್ರೈಸ್ತರು ಎಲ್ಲದಕ್ಕೂ "ಪ್ರಾರ್ಥನೆ ಮಾಡುವಾ" ಅಂತ ಹೇಳಿ ಜವಾಬ್ದಾರಿಯಿಂದ ತಪ್ಪಿಸ್ಕೊಳ್ತಾರೆ ಅಂತ. ಓದಿ ಪೇಪರ್ ಮಡಚಿ ಇಟ್ಟೆ, ಮತ್ತೆ ತೆಗೆದು ಓದಿದೆ, ಎರಡು ದಿನ ಅದೇ ತಲೆಯಲ್ಲಿ ಇತ್ತು. ಅವರ ಮೇಲೆ ನಂಗೆ ಕೋಪ ಇಲ್ಲ. ಅವರು ಹೇಳಿದ್ದರಲ್ಲಿ ಅರ್ಧ ಸತ್ಯ ಉಂಟು, ಅದರ ಬಗ್ಗೆ ಕೊನೆಗೆ ನಾನೂ ಹೇಳ್ತೇನೆ. ಇನ್ನರ್ಧ ಮಾತ್ರ ನನ್ನ ಅನುಭವಕ್ಕೆ ಪೂರ್ತಿ ಉಲ್ಟಾ, ಅದಕ್ಕೇ ಬರೀತಿದ್ದೇನೆ. ಸ್ವಲ್ಪ ಉದ್ದ ಆಗ್ಬಹುದು, ಕ್ಷಮಿಸಿ.

ನಾನು ಕಾರ್ಕಳ ತಾಲೂಕಿನವಳು, ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವಳು, ನಮ್ಮ ಅಜ್ಜನ ಕಾಲದಲ್ಲಿ ಅದನ್ನು ಬಾಸೆಲ್ ಮಿಶನ್ ಸಭೆ ಅಂತಿದ್ರು. 31 ವರ್ಷ ನರ್ಸ್ ಆಗಿ ಕೆಲಸ ಮಾಡಿ ರಿಟೈರ್ ಆದೆ. ಚಿಕ್ಕ ಮಗ ಐದನೇ ಕ್ಲಾಸಲ್ಲಿ ಇರುವಾಗ್ಲೇ ಗಂಡ ತೀರಿಕೊಂಡ್ರು, ಆಮೇಲೆ ನೈಟ್ ಡ್ಯೂಟಿ ಮಾಡಿ, ಓವರ್‌ಟೈಮ್ ಮಾಡಿ, ಎರಡು ಮಕ್ಕಳನ್ನು ಓದಿಸಿ, ಮನೆಗೆ ಹಂಚು ಹೋಗಿ ತಾರಸಿ ಆಗುವವರೆಗೆ ಒಬ್ಬರ ಹತ್ರ ಒಂದು ರೂಪಾಯಿ ಕೈ ಚಾಚಿದವಳಲ್ಲ. ಯಾರ ಹಂಗೂ ಬೇಡ. ಇದು ನನ್ನ ಬಾಯಲ್ಲಿ ಯಾವಾಗ್ಲೂ ಇದ್ದ ಮಾತು, ತಮ್ಮ ಸಹಾಯಕ್ಕೆ ಬಂದಾಗ ಅವನಿಗೂ ಅದನ್ನೇ ಹೇಳಿ ವಾಪಸ್ ಕಳಿಸಿದ್ದೆ.

ಹಾಗಂತ ಪ್ರಾರ್ಥನೆ ಬಿಟ್ಟವಳಲ್ಲ. ದಿನಾ ಬೆಳಿಗ್ಗೆ ಸಂಜೆ ಪ್ರಾರ್ಥನೆ, ಭಾನುವಾರ ಆರಾಧನೆ, ಸ್ತ್ರೀಯರ ಕೂಟದಲ್ಲಿ ಖಜಾಂಚಿ ಕೆಲಸ. ಈಗ ಹಿಂದೆ ತಿರುಗಿ ನೋಡುವಾಗ ಗೊತ್ತಾಗ್ತದೆ, ನನ್ನ ಪ್ರಾರ್ಥನೆ ಅಂದ್ರೆ ವಾರ್ಡಲ್ಲಿ ಡ್ಯೂಟಿ ಮುಗಿದಾಗ ಕೊಡುವ ರಿಪೋರ್ಟ್ ಹಾಗೆ ಇತ್ತು, ಸ್ವಾಮೀ ಇವತ್ತು ಇಷ್ಟು ಮಾಡಿದೆ, ನಾಳೆ ಇಷ್ಟು ಮಾಡ್ತೇನೆ, ಆಶೀರ್ವಾದ ಮಾಡು, ಆಮೆನ್. ಒಂದು ವ್ಯತ್ಯಾಸ ಏನಂದ್ರೆ ವಾರ್ಡಲ್ಲಿ ರಿಪೋರ್ಟ್ ಕೊಟ್ಟ ಮೇಲೆ ರೋಗಿಯನ್ನು ಮುಂದಿನ ಶಿಫ್ಟಿನವರ ಕೈಗೆ ಬಿಟ್ಟು ಮನೆಗೆ ಹೋಗ್ತೇವೆ, ದೇವರ ಹತ್ರ ಮಾತ್ರ ನಾನು ರಿಪೋರ್ಟ್ ಕೊಟ್ಟು ಎಲ್ಲವನ್ನೂ ಮತ್ತೆ ನನ್ನ ತಲೆ ಮೇಲೇ ಹೊತ್ತುಕೊಂಡು ಬರ್ತಿದ್ದೆ. ರಾತ್ರಿ ಎರಡು ಗಂಟೆಗೆ ಎಚ್ಚರ ಆದ್ರೆ ಮತ್ತೆ ನಿದ್ದೆ ಬರ್ತಿರ್ಲಿಲ್ಲ.

ನಾಲ್ಕು ವರ್ಷದ ಹಿಂದೆ ಆಟಿ ತಿಂಗಳ ಮಳೆಯಲ್ಲಿ ಅಂಗಳದ ಪಾಚಿ ಮೇಲೆ ಕಾಲು ಜಾರಿ ಬಿದ್ದೆ. ತೊಡೆ ಮೂಳೆ ಮುರೀತು, ಆಪರೇಷನ್ ಆಯ್ತು, ರಾಡ್ ಹಾಕಿದ್ರು. ಮಗ ದುಬೈಯಲ್ಲಿ, ಹದಿನೈದು ದಿನ ರಜೆ ಹಾಕಿ ಬಂದು ನೋಡಿ ಹೋದ, ಮಗಳು ಬೆಂಗಳೂರಲ್ಲಿ ಹಸಿ ಬಾಣಂತಿ. ಆಸ್ಪತ್ರೆಯಲ್ಲಿ ಮೊದಲನೇ ರಾತ್ರಿ, ನನ್ನ ಮಗಳಿಗಿಂತ ಚಿಕ್ಕ ವಯಸ್ಸಿನ ಹುಡುಗಿ ಒಬ್ಬಳು ಬಂದು ನನಗೆ ಬೆಡ್‌ಪ್ಯಾನ್ ಕೊಟ್ಟು, ಆಮೇಲೆ ಒರೆಸಿ, ಚಾದರ ಸರಿ ಮಾಡಿ ಹೋದ್ಲು. 31 ವರ್ಷ ಎಷ್ಟು ಸಾವಿರ ಜನಕ್ಕೆ ನಾನು ಅದೇ ಕೆಲಸ ಮಾಡಿದ್ದೇನೋ ಲೆಕ್ಕ ಇಲ್ಲ, ಆವತ್ತು ನನ್ನದನ್ನು ಇನ್ನೊಬ್ಬರು ಎತ್ತುವಾಗ ಗೋಡೆ ಕಡೆ ಮುಖ ಮಾಡಿ ಅತ್ತುಬಿಟ್ಟೆ. ನೋವಿಗೆ ಅಲ್ಲ. ನಾಚಿಕೆಗೆ.

ಮನೆಗೆ ಬಂದ ಮೇಲೆ ಮೂರು ತಿಂಗಳು ಮಂಚ, ವಾಕರ್, ಮಂಚ. ಪಕ್ಕದ ಮನೆಯ ಅಕ್ಕ, ನಮ್ಮ ಸಭೆಯವರಲ್ಲ, ಮನೆಯಲ್ಲಿ ಭೂತಾರಾಧನೆ ಮಾಡುವವರು, ನಾನು ಕೇಳದೇ ದಿನಾ ಬೆಳಿಗ್ಗೆ ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ, ಒಂದೊಂದು ದಿನ ಒಣಮೀನು ಚಟ್ನಿ ತಂದು ಇಟ್ಟು ಹೋಗ್ತಿದ್ರು. ನಮ್ಮ ಕಡೆ ಒಂದು ಕ್ರಮ ಉಂಟು, ಯಾರಾದ್ರೂ ಪಾತ್ರೆಯಲ್ಲಿ ಏನಾದ್ರೂ ಕೊಟ್ರೆ ಆ ಪಾತ್ರೆ ಖಾಲಿ ವಾಪಸ್ ಕೊಡಬಾರದು, ಕಡೇಪಕ್ಷ ನಾಲ್ಕು ಹಸಿಮೆಣಸಾದ್ರೂ ಹಾಕಿ ಕೊಡಬೇಕು. ನನಗೆ ಎದ್ದು ಹೋಗಿ ಅಡುಗೆಕೋಣೆಯಿಂದ ಆ ನಾಲ್ಕು ಮೆಣಸು ತರ್ಲಿಕ್ಕೂ ಆಗ್ತಿರ್ಲಿಲ್ಲ. ದಿನಾ ಖಾಲಿ ಪಾತ್ರೆ. ಮೊದಲ ವಾರ ನಾನು ಮಂಚದ ಪಕ್ಕ ಒಂದು ನೋಟ್‌ಬುಕ್ ಇಟ್ಟು ಬರೆದಿಟ್ಟೆ, ಸೋಮವಾರ ಗಂಜಿ, ಮಂಗಳವಾರ ಗಂಜಿ, ಎರಡು ಬಂಗುಡೆ, ಎಲ್ಲ ಗುಣ ಆದ್ಮೇಲೆ ತೀರಿಸ್ಬೇಕು ಅಂತ. ಒಂದು ದಿನ ಅಕ್ಕ ಅದನ್ನು ನೋಡಿದ್ರು. "ಎಂತ ಸಿಸ್ಟ್ರೇ, ನಂಗೆ ಬಿಲ್ ಮಾಡ್ತಿದ್ದೀರಾ?" ಅಂತ ಕೇಳಿದ್ರು, ಅವರ ಮುಖ ಸಣ್ಣ ಆಗಿತ್ತು. ಆವತ್ತು ರಾತ್ರಿ ಪ್ರಾರ್ಥನೆ ಮಾಡ್ಲಿಕ್ಕೆ ಆಗ್ಲಿಲ್ಲ. ಚಿಕ್ಕಂದಿನಿಂದ ಬಾಯಿಪಾಠ ಇದ್ದ ಕರ್ತನ ಪ್ರಾರ್ಥನೆ ಮಾತ್ರ ಹೇಳ್ತಾ ಹೋದೆ, "ನಮ್ಮ ಅನುದಿನದ ಆಹಾರವನ್ನು ಈ ಹೊತ್ತು ದಯಪಾಲಿಸು" ಅನ್ನುವಲ್ಲಿ ನಾಲಿಗೆ ನಿಂತಿತು. ಅರವತ್ತು ವರ್ಷ ಆ ಮಾತು ಹೇಳಿದ್ದೇನೆ, ಒಂದು ದಿನವೂ ಅದನ್ನು ಕೇಳಿಕೊಂಡದ್ದಲ್ಲ, ಯಾಕಂದ್ರೆ ನನ್ನ ಆಹಾರ ನಾನು ದುಡಿದದ್ದು ಅಂತ ನನ್ನ ಲೆಕ್ಕ. ಈಗ ಅದು ದಿನಾ ಎಂಟು ಗಂಟೆಗೆ ಪಕ್ಕದ ಮನೆಯಿಂದ ನಡೆದು ಬರ್ತಿತ್ತು, ನಾನು ಅದಕ್ಕೆ ರಸೀದಿ ಬರೀತಿದ್ದೆ.

ಮರುದಿನ ಆ ನೋಟ್‌ಬುಕ್ ಅವರ ಕೈಗೇ ಕೊಟ್ಟು ಒಲೆಗೆ ಹಾಕಿ ಅಂದೆ.

ಹಂಗು ಅನ್ನುವ ಶಬ್ದ ನಮಗೆ ಕಹಿ, ಅದಕ್ಕೆ ಕಾರಣವೂ ಉಂಟು. ಮನುಷ್ಯರು ಕೊಟ್ಟದ್ದನ್ನು ಆಡಿ ತೋರಿಸ್ತಾರೆ, ನಾಲ್ಕು ಜನರ ಮುಂದೆ ಎತ್ತಿ ಹೇಳ್ತಾರೆ. ಹಾಗಾಗಿ ದೇವರ ಹತ್ರವೂ ನಾವು ಹಂಗಿಲ್ಲದೆ ಇರ್ಲಿಕ್ಕೆ ನೋಡ್ತೇವೆ, ಇಷ್ಟು ಉಪವಾಸ, ಇಷ್ಟು ಕಾಣಿಕೆ, ಇಷ್ಟು ಸೇವೆ, ಲೆಕ್ಕ ಚುಕ್ತಾ. ಯೇಸು ದ್ರಾಕ್ಷೇಬಳ್ಳಿ ಕೊಂಬೆಯ ಮಾತು ಹೇಳಿದ್ದು ಯೋಹಾನನ ಸುವಾರ್ತೆ 15ರಲ್ಲಿ ಉಂಟು, ಕೊಂಬೆ ಬಳ್ಳಿಯಲ್ಲಿ ನೆಲೆಗೊಂಡ್ರೆ ಮಾತ್ರ ಹಣ್ಣು. ನಮ್ಮ ತೋಟದ ಕಾಳುಮೆಣಸಿನ ಬಳ್ಳಿ ನೋಡಿದವರಿಗೆ ಇದನ್ನು ವಿವರಿಸ್ಬೇಕಾಗಿಲ್ಲ, ಕತ್ತರಿಸಿ ಬಿಸಾಡಿದ ತುಂಡು ಎರಡು ದಿನ ಹಸಿರಾಗೇ ಇರ್ತದೆ, ತಾನು ಜೀವಂತ ಅಂತಲೇ ಕಾಣ್ತದೆ.

ಆ ಮೂರು ತಿಂಗಳಲ್ಲಿ ಸಭೆಯ ಒಬ್ಬರು ಓದ್ಲಿಕ್ಕೆ ವಿಧವೆಯರಿಗೆ, ಅನಾಥ ಹೆಣ್ಣುಮಕ್ಕಳಿಗೆ ಆಸರೆಯಾದ ಪಂಡಿತಾ ರಮಾಬಾಯಿ ತಾವೇ ಹೇಳಿಕೊಂಡ ಸಾಕ್ಷಿಯ, ಅಂದ್ರೆ ತನ್ನ ವಿಶ್ವಾಸದ ಕಥೆಯ ಪುಸ್ತಕ ಕೊಟ್ರು. ರಮಾಬಾಯಿ ಅಂದ್ರೆ ಎಲ್ರೂ ಮಹಾರಾಷ್ಟ್ರದವರು ಅಂತ ತಿಳಿದಿದ್ದಾರೆ, ನಮ್ಮ ತಾಲೂಕಿನಲ್ಲೇ ತುಂಬ ಜನಕ್ಕೆ ಗೊತ್ತಿಲ್ಲ, ಅವರ ತಂದೆ ಅನಂತ ಶಾಸ್ತ್ರಿ ಡೋಂಗ್ರೆಯವರು ಇಲ್ಲೇ ಮಾಳದ ಕಡೆಯವರು, ರಮಾಬಾಯಿ ಹುಟ್ಟಿದ್ದು 1858ರ ಏಪ್ರಿಲ್‌ನಲ್ಲಿ ಘಟ್ಟದ ಮೇಲೆ ಗಂಗಾಮೂಲದಲ್ಲಿ. ಹೆಂಗಸರಿಗೆ ಸಂಸ್ಕೃತ ಕಲಿಸಬಾರದು ಅಂತಿದ್ದ ಕಾಲದಲ್ಲಿ ಆ ತಂದೆ ಹೆಂಡತಿಗೂ ಕಲಿಸಿದ್ರು, ಮಗಳಿಗೆ ಆ ತಾಯಿ ಕಲಿಸಿದ್ರು. 1870ರ ದಶಕದ ಬರಗಾಲದಲ್ಲಿ ಅಪ್ಪ, ಅಮ್ಮ, ಅಕ್ಕ ಒಬ್ಬರ ಹಿಂದೆ ಒಬ್ಬರು ಹೋದ್ರು. ಉಳಿದ ಅಣ್ಣ ತಂಗಿ ಬರಿಗಾಲಲ್ಲಿ ದೇಶ ಸುತ್ತಿದ್ರು, ಝೇಲಂ ನದಿ ದಡದಲ್ಲಿ ಚಳಿ ತಡೀಲಿಕ್ಕಾಗದೆ ಮರಳಲ್ಲಿ ಗುಂಡಿ ತೋಡಿ ಕುತ್ತಿಗೆವರೆಗೆ ಮರಳು ಮುಚ್ಚಿಕೊಂಡು ರಾತ್ರಿ ಕಳೆದ್ರು ಅಂತ ಬರ್ದಿದ್ದಾರೆ. ಆ ಪುಟ ಓದಿ ಪುಸ್ತಕ ಎದೆ ಮೇಲೆ ಇಟ್ಟುಕೊಂಡು ತುಂಬಾ ಹೊತ್ತು ಸುಮ್ನೆ ಮಲಗಿದ್ದೆ.

ಇಪ್ಪತ್ತು ವರ್ಷಕ್ಕೆ ಕಲ್ಕತ್ತಾದ ಪಂಡಿತರು ಅವರಿಗೆ ಪಂಡಿತಾ, ಸರಸ್ವತಿ ಅಂತ ಬಿರುದು ಕೊಟ್ರು. ಆಮೇಲೆ ಅಣ್ಣನೂ ತೀರಿಹೋದ, ಮದುವೆಯಾಗಿ ಎರಡು ವರ್ಷ ತುಂಬುವ ಮೊದಲೇ 1882ರಲ್ಲಿ ಗಂಡ ಕಾಲರಾದಲ್ಲಿ ಹೋದ್ರು, ಕೈಯಲ್ಲಿ ಎಳೇ ಮಗು ಮನೋರಮಾ. ಡಾಕ್ಟರ್ ಆಗ್ಬೇಕು ಅಂತ ಇಂಗ್ಲೆಂಡಿಗೆ ಹೋದ್ರು, ಕಿವಿ ಸರಿ ಕೇಳುದಿಲ್ಲ ಅಂತ ಆ ದಾರಿಯೂ ಮುಚ್ಚಿತು. ಇಂಥವರಿಗೆ ಸ್ವಂತ ಕಾಲ ಮೇಲೆ ನಿಲ್ಲು ಅಂತ ಯಾರಾದ್ರೂ ಪಾಠ ಹೇಳ್ಬೇಕಾ? ನಿಂತೇ ಇದ್ರು. 1883ರಲ್ಲಿ ಇಂಗ್ಲೆಂಡಿನ ವಾಂಟೇಜ್‌ನಲ್ಲಿ ದೀಕ್ಷಾಸ್ನಾನ ತಗೊಂಡ ಮೇಲೂ ಅಲ್ಲಿನ ಕ್ರೈಸ್ತ ಸನ್ಯಾಸಿನಿಯರು, ಬಿಷಪರು ಹೇಳಿದ್ದಕ್ಕೆಲ್ಲ ತಲೆ ಅಲ್ಲಾಡಿಸ್ಲಿಲ್ಲ, ಇಲ್ಲಿನ ಪುರೋಹಿತರ ನೊಗ ಈಗಷ್ಟೇ ಇಳಿಸಿದ್ದೇನೆ, ಅಂಥದ್ದೇ ಇನ್ನೊಂದನ್ನು ಹೊರ್ಲಿಕ್ಕೆ ತಯಾರಿಲ್ಲ ಅನ್ನುವ ಅರ್ಥದಲ್ಲಿ ನೇರ ಪತ್ರ ಬರೆದ್ರು. ನನಗೆ ಅವರಲ್ಲಿ ತುಂಬಾ ಹಿಡಿಸಿದ್ದು ಇದು. ದೇವರಿಗೆ ಆತುಕೊಂಡವರು ಸಿಕ್ಕಿದ ಪಾಸ್ಟರ್‌ಗಳ ಮುಂದೆಲ್ಲ ಬಗ್ಗಿ ನಿಲ್ಬೇಕಾಗಿಲ್ಲ, ನಿಜವಾಗಿ ಆತುಕೊಂಡವರಿಗೆ ಆ ಅವಶ್ಯಕತೆ ಕಡಿಮೆ ಆಗ್ತದೆ.

ಆದ್ರೆ ರಮಾಬಾಯಿ ಒಂದು ಮಾತು ಒಪ್ಪಿಕೊಳ್ತಾರೆ, ದೀಕ್ಷಾಸ್ನಾನ ಆಗಿ ಸುಮಾರು ಎಂಟು ವರ್ಷ ತನಗೆ ಕ್ರೈಸ್ತ ಧರ್ಮ ಸಿಕ್ಕಿತ್ತು, ಕ್ರಿಸ್ತ ಸಿಕ್ಕಿರ್ಲಿಲ್ಲ ಅಂತ. ಅಷ್ಟೊತ್ತಿಗೆ ಅಮೆರಿಕ ತಿರುಗಿ, ಅಲ್ಲಿನವರು ಹತ್ತು ವರ್ಷ ಹಣ ಕೊಡ್ತೇವೆ ಅಂತ ಸಂಘ ಕಟ್ಟಿ, 1889ರಲ್ಲಿ ಮುಂಬೈಯಲ್ಲಿ ವಿಧವೆಯರಿಗೆ ಶಾರದಾ ಸದನ ಶುರು ಮಾಡಿ, ಅದನ್ನು ಪುಣೆಗೆ ತಂದಿದ್ರು. ಕೆಲಸ ಎಲ್ಲ ನಡೀತಿತ್ತು, ಒಳಗೆ ಸಮಾಧಾನ ಇರ್ಲಿಲ್ಲ. 1893ರಲ್ಲಿ ಸದನದ ಹುಡುಗಿಯರು ಕ್ರೈಸ್ತ ಪ್ರಾರ್ಥನೆಗೆ ಸೇರ್ತಾರೆ ಅಂತ ಪುಣೆಯಲ್ಲಿ ದೊಡ್ಡ ಗಲಾಟೆ ಆಯ್ತು, ಸಲಹಾ ಸಮಿತಿಯಲ್ಲಿದ್ದ ರಾನಡೆ, ಭಂಡಾರ್ಕರ್ ಅಂಥ ಹಿರಿಯರು ಹೊರಗೆ ಹೋದ್ರು, ಎಷ್ಟೋ ಹುಡುಗಿಯರನ್ನು ಮನೆಯವರು ಕರ್ಕೊಂಡು ಹೋದ್ರು. ಆ ಹಿರಿಯರ ಬೇಸರಕ್ಕೂ ಕಾರಣ ಇತ್ತು ಅಂತ ನಾನು ಒಪ್ತೇನೆ, ಧರ್ಮದ ವಿಷಯಕ್ಕೆ ಕೈ ಹಾಕುದಿಲ್ಲ ಅನ್ನುವ ಮಾತಿನ ಮೇಲೆ ಅವರು ಜೊತೆಗೆ ನಿಂತವರು. ಏನೇ ಇರ್ಲಿ, ಊರಿನ ಆಸರೆ ಹೋಯ್ತು, ಅಮೆರಿಕದವರ ಹತ್ತು ವರ್ಷವೂ ಮುಗೀತಾ ಬರ್ತಿತ್ತು.

ಆ ಹೊತ್ತಲ್ಲಿ ಅವರು ಓದಿದ್ದು ಇಂಗ್ಲೆಂಡಿನ ಬ್ರಿಸ್ಟಲ್‌ನ ಜಾರ್ಜ್ ಮುಲ್ಲರ್ ಜೀವನ. ಹುಟ್ಟಿದ್ದು ಪ್ರಷ್ಯಾದಲ್ಲಿ (ಈಗಿನ ಜರ್ಮನಿ), ಹುಡುಗನಾಗಿರುವಾಗ ಕಳ್ಳತನ ಮಾಡಿದ್ದ, ಹೋಟೆಲ್ ಬಿಲ್ ಕೊಡದೆ ಜೈಲಿಗೂ ಹೋಗಿದ್ದ ಮನುಷ್ಯ, 1836ರಲ್ಲಿ ಬಾಡಿಗೆ ಮನೆಯಲ್ಲಿ ಅನಾಥಾಶ್ರಮ ಶುರು ಮಾಡಿ 1898ರಲ್ಲಿ ಸಾಯುವ ಹೊತ್ತಿಗೆ ಹತ್ತು ಸಾವಿರ ಮಕ್ಕಳನ್ನು ನೋಡಿಕೊಂಡಿದ್ರು, ಸಾಲ ಮಾಡ್ಲಿಲ್ಲ, ಮನುಷ್ಯರ ಹತ್ರ ಹಣ ಕೇಳ್ಲಿಲ್ಲ, ದೇವರ ಹತ್ರ ಮಾತ್ರ ಕೇಳಿದ್ರು. ನಮ್ಮ ಚರ್ಚಿನ ಪ್ರಸಂಗಗಳಲ್ಲಿ ಮುಲ್ಲರ್ ಹೆಸರು ಬಂದ್ರೆ ಪ್ರಾರ್ಥನೆ ಮಾಡಿದ ಕೂಡ್ಲೇ ಹಾಲು ಬ್ರೆಡ್ ಬಂತು ಅನ್ನುವ ಪವಾಡ ಮಾತ್ರ ಹೇಳ್ತಾರೆ. ಅವರು ಬಂದ ಪ್ರತಿ ಕಾಸಿಗೂ ಲೆಕ್ಕ ಇಟ್ಟು ವರ್ಷ ವರ್ಷ ರಿಪೋರ್ಟ್ ಅಚ್ಚು ಹಾಕಿಸ್ತಿದ್ರು ಅನ್ನುದನ್ನೂ ಹೇಳ್ಬೇಕು.

ರಮಾಬಾಯಿಗೆ ಒಂದೇ ಪ್ರಶ್ನೆ ಬಂತು, ಭಾರತದಲ್ಲೂ ಹೀಗೆ ದೇವರನ್ನು ನಂಬಿ ನಿಲ್ಲಲಿಕ್ಕೆ ಆಗ್ತದಾ ಅಂತ. ಎರಡನೇ ಸಲ ದೊಡ್ಡ ಬರಗಾಲ ಬರುವ ಸ್ವಲ್ಪ ಮೊದಲು ಲೋಣಾವಳದ ಒಂದು ಕೂಟದಲ್ಲಿ, ತನ್ನ ಜೊತೆ ವಿಶ್ವಾಸದಲ್ಲಿದ್ದ 15 ಹುಡುಗಿಯರ ಸಂಖ್ಯೆಯನ್ನು ಹದಿನೈದರಷ್ಟು ಮಾಡು ಸ್ವಾಮೀ ಅಂತ ಬೇಡಿಕೊಂಡ್ರಂತೆ. ಅಂದ್ರೆ 225. ಆಗ ಅವರಲ್ಲಿ ಅಷ್ಟು ಜನರಿಗೆ ಜಾಗವೂ ಇರ್ಲಿಲ್ಲ, ಹಣವೂ ಇರ್ಲಿಲ್ಲ. ಉತ್ತರ ಬಂದ ರೀತಿ ನೋಡಿ. 1896-97ರ ಬರಗಾಲ ಬಂತು, ಮಧ್ಯ ಪ್ರಾಂತ್ಯದಲ್ಲಿ ಹೆಣ್ಣುಮಕ್ಕಳು ದಾರಿಯಲ್ಲಿ ಸಾಯ್ತಿದ್ದಾರೆ ಅಂತ ಸುದ್ದಿ ಬಂತು, ತಾನು ಇಪ್ಪತ್ತು ವರ್ಷದ ಹಿಂದೆ ಅದೇ ಹಸಿವಲ್ಲಿ ನಡೆದದ್ದು ಅವರಿಗೆ ಕಣ್ಣ ಮುಂದೆ ಬಂತು, ಎದ್ದು ಹೊರಟ್ರು. ಎಲುಬು ತೊಗಲು ಆದ, ಹೇನು ಹುಣ್ಣು ತುಂಬಿದ ಮಕ್ಕಳನ್ನು ನೂರಾರು ಲೆಕ್ಕದಲ್ಲಿ ಕರ್ಕೊಂಡು ಬಂದ್ರು. ಪುಣೆಯಲ್ಲಿ ಪ್ಲೇಗ್ ಅಂತ ಸರ್ಕಾರ ಅಲ್ಲಿ ಇಟ್ಟುಕೊಳ್ಳಲಿಕ್ಕೆ ಬಿಡ್ಲಿಲ್ಲ, ಕೇಡಗಾಂವ್‌ನ ಹೊಲಕ್ಕೆ ಕರ್ಕೊಂಡು ಹೋದ್ರು, ಅದೇ ಮುಕ್ತಿ ಸದನ. 1900ರ ಹೊತ್ತಿಗೆ ಅಲ್ಲಿ 1500 ಜನ. ಬಾವಿ ತೋಡಿದ್ರು, ಬೇಸಾಯ, ನೇಯ್ಗೆ, ಹೊಲಿಗೆ, ಎಣ್ಣೆ ಗಾಣ, ಪ್ರೆಸ್ಸು, ಕುರುಡು ಹೆಣ್ಣುಮಕ್ಕಳಿಗೆ ಬ್ರೈಲ್. ಮಗಳು ಮನೋರಮಾ ಕಲಬುರಗಿಯಲ್ಲೂ ಶಾಲೆ ನಡೆಸಿದ್ರು. ಕೊನೆಗೆ ರಮಾಬಾಯಿ ಹೀಬ್ರೂ, ಗ್ರೀಕ್ ಕಲಿತು ಹಳ್ಳಿ ಹೆಂಗಸರಿಗೆ ಅರ್ಥ ಆಗುವ ಮರಾಠಿಗೆ ಪೂರ್ತಿ ಬೈಬಲ್ ಅನುವಾದ ಮಾಡಿದ್ರು, 1921ರಲ್ಲಿ ಮಗಳು ತೀರಿಕೊಂಡ್ಲು, ಆದರೂ ಕೆಲಸ ನಿಲ್ಲಿಸ್ಲಿಲ್ಲ, 1922ರ ಏಪ್ರಿಲ್ 5ಕ್ಕೆ ಅವರೂ ಹೋದ್ರು, ಆ ಬೈಬಲ್ ಹೊರಗೆ ಬಂದದ್ದು 1924ರಲ್ಲಿ.

ಈಗ ಆ ಓದುಗರನ್ನು ನಾನು ಕೇಳುದು, ಇದರಲ್ಲಿ ಕೈ ಕಟ್ಟಿ ಕೂತದ್ದು ಎಲ್ಲಿ? ಬೇಡಿದ್ದಕ್ಕೆ ಉತ್ತರವಾಗಿ ಹಣದ ಥೈಲಿ ಬರ್ಲಿಲ್ಲ, ಸ್ನಾನ ಮಾಡಿಸ್ಬೇಕಾದ ಮಕ್ಕಳು ಬಂದ್ರು. ಇಸ್ರಾಯೇಲ್ಯರಿಗೆ ಅರಣ್ಯದಲ್ಲಿ ಮನ್ನಾ ಅನ್ನುವ ಆಹಾರ ಬಿದ್ದದ್ದು ಆಕಾಶದಿಂದ ನಿಜ, ಬೆಳಿಗ್ಗೆ ಬಿಸಿಲೇರುವ ಮೊದಲು ಎದ್ದು ಹೋಗಿ ಬಗ್ಗಿ ಕೂಡಿಸ್ಬೇಕಾಗಿತ್ತು, ನಾಳೆಗೆ ಅಂತ ಮುಚ್ಚಿ ಇಟ್ಟದ್ದು ಹುಳ ಬಿದ್ದು ನಾರ್ತಿತ್ತು. ನಾನು 31 ವರ್ಷ ನಾಳೆಯದ್ದನ್ನು ಮುಚ್ಚಿ ಇಟ್ಟವಳು.

ನನ್ನಲ್ಲಿ ಏನು ಬದಲಾಯ್ತು ಅಂತ ಕೇಳಿದ್ರೆ ದೊಡ್ಡ ಸಾಕ್ಷಿ ಹೇಳುವಷ್ಟು ಇಲ್ಲ. ರಾತ್ರಿ ನಿದ್ದೆ ಬರ್ತದೆ, ಈಗ ದೇವರ ಕೈಗೆ ಹ್ಯಾಂಡೋವರ್ ಕೊಟ್ಟ ಮೇಲೆ ವಾಪಸ್ ತಗೊಳ್ಳುದಿಲ್ಲ, ಪೂರ್ತಿ ಅಂತ ಹೇಳ್ಲಿಕ್ಕೆ ಆಗುದಿಲ್ಲ, ಮಗಳ ಫೋನ್ ಎರಡು ದಿನ ಬರದಿದ್ರೆ ಇವತ್ತಿಗೂ ಎದೆ ಹೊಡ್ಕೊಳ್ತದೆ. ತಮ್ಮನಿಗೆ ಫೋನ್ ಮಾಡಿ ಆವತ್ತು ಹಾಗೆ ಕಳಿಸಿದ್ದಕ್ಕೆ ತಪ್ಪಾಯ್ತು ಅಂದೆ, ಅವನು ಸ್ವಲ್ಪ ಹೊತ್ತು ಮಾತಾಡ್ಲಿಲ್ಲ, ಆಮೇಲೆ "ಅಕ್ಕಾ, ಆವತ್ತು ನಾನು ಬಸ್‌ಸ್ಟ್ಯಾಂಡಲ್ಲಿ ಕೂತು ಅತ್ತಿದ್ದೆ" ಅಂದ. ಇಪ್ಪತ್ತೆರಡು ವರ್ಷ ನನಗೆ ಅದು ಗೊತ್ತಿರ್ಲಿಲ್ಲ. ನನ್ನ ಕೈ ಕೆಳಗೆ ಕೆಲಸ ಮಾಡಿದ ಸಣ್ಣ ನರ್ಸುಗಳಿಗೆ ನಾನು ಎಷ್ಟು ಬಿರುಸಾಗಿದ್ದೆ ಅಂತಲೂ ಈಗ ಕಾಣ್ತದೆ, ಯಾರದ್ದೂ ಆಸರೆ ಬೇಡ ಅನ್ನುವವಳಿಗೆ ಇನ್ನೊಬ್ಬರ ನಿತ್ರಾಣ ಸಹಿಸ್ಲಿಕ್ಕೆ ಆಗುದಿಲ್ಲ, ತಪ್ಪು ಮಾಡಿ ಅಳುವ ಹುಡುಗಿಯನ್ನು ನೋಡಿದ್ರೆ ನನಗೆ ಸಿಟ್ಟು ಬರ್ತಿತ್ತು. ಬೈಬಲಿನಲ್ಲಿ ಪತ್ರಗಳನ್ನು ಬರೆದ ಪೌಲನಿಗೆ ಶರೀರದಲ್ಲಿ ಒಂದು ಮುಳ್ಳಿತ್ತು, ತೆಗಿ ಅಂತ ಮೂರು ಸಲ ಬೇಡಿದ, ದೇವರು ತೆಗೀಲಿಲ್ಲ, ನನ್ನ ಕೃಪೆಯೇ ನಿನಗೆ ಸಾಕು ಅಂದ್ರು. ನನಗೂ ಮಳೆಗಾಲದಲ್ಲಿ ರಾಡ್ ಹಾಕಿದ ಕಾಲು ನೋಯ್ತದೆ, ಮೆಟ್ಟಲು ಹತ್ತುವಾಗ ಯಾರಾದ್ರೂ ಕೈ ಕೊಟ್ರೆ ಈಗ ಹಿಡ್ಕೊಳ್ತೇನೆ.

ಇನ್ನು ಆ ಅರ್ಧ ಸತ್ಯದ ವಿಷಯ. ದೇವರ ಮೇಲೆ ಭರವಸೆ ಅನ್ನುವ ಹೆಸರಲ್ಲಿ ನಡೆಯುವ ಕೆಲವು ಸಂಗತಿ ನೋಡಿದ್ರೆ ನನಗೆ ಆ ಓದುಗರಿಗಿಂತ ಜಾಸ್ತಿ ಸಂಕಟ ಆಗ್ತದೆ. ನಾನು ಡ್ಯೂಟಿಯಲ್ಲಿ ಇರುವಾಗ ಒಬ್ಬರು ಹೆಂಗಸನ್ನು ಪ್ರಜ್ಞೆ ಇಲ್ಲದೆ ತಂದಿದ್ರು, ಸಕ್ಕರೆ ಕಾಯಿಲೆ, ಎಲ್ಲಿಯೋ ಪ್ರಾರ್ಥನಾ ಕೂಟದಲ್ಲಿ ನಿಮಗೆ ಗುಣ ಆಗಿದೆ, ಇನ್ನು ಇನ್ಸುಲಿನ್ ತಗೊಂಡ್ರೆ ಅವಿಶ್ವಾಸ ಅಂತ ಹೇಳಿದ್ರಂತೆ, ಆ ತಾಯಿ ನಂಬಿ ನಿಲ್ಲಿಸಿದ್ರು. ಅವರು ಉಳೀಲಿಲ್ಲ. ಅವರ ಮಗಳು ಕಾರಿಡಾರಲ್ಲಿ ನನ್ನ ಕೈ ಹಿಡಿದು "ಸಿಸ್ಟರ್, ಅಮ್ಮನ ವಿಶ್ವಾಸ ಸಾಕಾಗ್ಲಿಲ್ವಾ?" ಅಂತ ಕೇಳಿದ್ಲು, ಆ ಪ್ರಶ್ನೆಗೆ ಆವತ್ತು ಉತ್ತರ ಕೊಡ್ಲಿಕ್ಕೆ ನನಗೆ ಆಗ್ಲಿಲ್ಲ, ಇವತ್ತು ಕೊಡ್ತೇನೆ. ಅಮ್ಮನ ವಿಶ್ವಾಸಕ್ಕೆ ಏನೂ ಕಡಿಮೆ ಇರ್ಲಿಲ್ಲ ಮಗಾ. ಅವರಿಗೆ ಹಾಗೆ ಹೇಳಿದವರು ದೇವರ ಹೆಸರಲ್ಲಿ ತಮ್ಮ ಮಾತನ್ನು ಹೇಳಿದ್ರು. ದೇವರು ಕೊಟ್ಟ ಗಂಜಿ ಪಕ್ಕದ ಮನೆ ಅಕ್ಕನ ಕೈಯಿಂದ ಬರ್ಲಿಕ್ಕೆ ಆಗ್ತದೆ ಅಂದ್ರೆ ದೇವರು ಕೊಟ್ಟ ಔಷಧ ಡಾಕ್ಟರ ಕೈಯಿಂದ ಬರ್ಲಿಕ್ಕೂ ಆಗ್ತದೆ. ಪೌಲನು ತನ್ನ ಶಿಷ್ಯ ತಿಮೊಥೆಯನ ಹೊಟ್ಟೆನೋವಿಗೆ ಸ್ವಲ್ಪ ದ್ರಾಕ್ಷಾರಸ ತಗೋ ಅಂತ ಬರೆದದ್ದು ಸತ್ಯವೇದದಲ್ಲೇ ಉಂಟು, ತಿಮೊಥೆಯನಿಗೆ ವಿಶ್ವಾಸ ಕಡಿಮೆ ಅಂತ ಅವನು ಬರೀಲಿಲ್ಲ.

ಹಾಗಾಗಿ ಸಂಪಾದಕರೇ, ನಿಮ್ಮ ಪತ್ರಿಕೆ ಮೂಲಕ ನಮ್ಮ ಎಲ್ಲಾ ಸಭೆಗಳ ಪಾಸ್ಟರ್‌ಗಳಿಗೆ, ಹಿರಿಯರಿಗೆ, ಮನೆಕೂಟ ನಡೆಸುವವರಿಗೆ ನನ್ನ ಒಂದು ಬೇಡಿಕೆ. ಬರುವ ಭಾನುವಾರ ರೋಗಿಗಳಿಗಾಗಿ ಪ್ರಾರ್ಥನೆ ಮಾಡುವ ಹೊತ್ತಿನಲ್ಲಿ, ಪ್ರಾರ್ಥನೆಗೆ ಮೊದಲು ಒಂದು ನಿಮಿಷ ತಗೊಂಡು, ಬಿಪಿ ಮಾತ್ರೆ, ಇನ್ಸುಲಿನ್, ಫಿಟ್ಸ್ ಮಾತ್ರೆ, ಮಾನಸಿಕ ಕಾಯಿಲೆಯ ಮಾತ್ರೆ ಡಾಕ್ಟರ್ ಹೇಳದೆ ಯಾರೂ ನಿಲ್ಲಿಸ್ಬೇಡಿ ಅಂತ ಬಾಯಿಬಿಟ್ಟು ಹೇಳಿ. ವೇದಿಕೆಯಿಂದ ನೀವು ಹೇಳಿದ್ರೆ ಜನ ಕೇಳ್ತಾರೆ, ನಾವು ನರ್ಸುಗಳು ಬೆಡ್ ಪಕ್ಕ ನಿಂತು ಹೇಳುವ ಹೊತ್ತಿಗೆ ತುಂಬಾ ತಡ ಆಗಿರ್ತದೆ.

ಇಂತಿ,
ಒಬ್ಬ ನಿವೃತ್ತ ನರ್ಸ್,
ಕಾರ್ಕಳ ತಾಲೂಕು